ಹನ್ನೆರಡನೇ ಗೆಣ್ಣು

"ಗುದ್ದಲಿ ಬುಡು!"

"ನೀನ್ ಬುಡು ಮೊದ್ಲು!"

ಇದ್ದದ್ದು ಒಂದು ಗುದ್ದಲಿ, ಹಿಡಿದಿದ್ದು ನಾಲ್ಕು ಕೈ. ಕೊತ್ತತ್ತಿಯ ಬಯಲಿನ ಕೊನೇ ಗದ್ದೆಯಲ್ಲಿ, ನೀರು ಒಳಬಿಡುವ ಮಡೆಯ ಬಾಯಲ್ಲಿ, ಕೆಸರಿನಲ್ಲಿ ಕಾಲು ಹೂತುಕೊಂಡು ಮಂಗಳಮ್ಮ ಒಂದು ಕಡೆ ಎಳೆಯುತ್ತಿದ್ದಳು. ಅವಳು ಹಿಂದೆಂದೂ ನೋಡದ ಗಂಡಸೊಬ್ಬ ಇನ್ನೊಂದು ಕಡೆ ಎಳೆಯುತ್ತಿದ್ದ.

"ಯಾವನಲಾ ನೀನು? ನನ್ ಗದ್ದೆ ಮಡೆ ಮುಚ್ಚೋಕೆ?"

"ಹೊಸ ನೀರುಗಂಟಿ. ಸಿದ್ದರಾಮು ಅಂತ, ಪೂರಿಗಾಲಿಯೋನು. ನಿನ್ ಸರದಿ ನಾಳೀಕೆ. ಇವತ್ತು ನೀ ಮಡೆ ಒಡೆದ್ರೆ ಮುಚ್ತೀನಿ. ನಾಳೆ ನಿನ್ ಸರದೀಲಿ ಇನ್ಯಾವನಾದ್ರೂ ಒಡೆದ್ರೆ ಅದ್ನೂ ಮುಚ್ತೀನಿ."

ಮಾತು ನ್ಯಾಯವಾಗಿತ್ತು. ಎದುರಿನವನ ಮಾತು ನ್ಯಾಯವಾಗಿದ್ದರೆ ಮಂಗಳಳಿಗೆ ಸಿಟ್ಟು ಇಮ್ಮಡಿಯಾಗುತ್ತಿತ್ತು.

"ತಗೋ ಹಂಗಾರೆ!" ಎಂದವಳೇ ಕೈ ಬಿಟ್ಟುಬಿಟ್ಟಳು.

ಗುದ್ದಲಿಯ ಸಮೇತ ಅವನು ಅಂಗಾತ ಕೆಸರಿಗೆ ಬಿದ್ದ! ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಬಿದ್ದವನೂ ನಕ್ಕ. ಅವನು ನಕ್ಕಿದ್ದೇ ಮಂಗಳಳಿಗೆ ಸಹಿಸಲಾಗಲಿಲ್ಲ.

ಅದು ಮೂವತ್ತೊಂಬತ್ತನೇ ಇಸವಿ. ನಾಲೆ ಬಂದು ಕೆಲವು ವರ್ಷ ಕಳೆದಿತ್ತಷ್ಟೆ. ನೀರು ಬಂದ ಮೇಲೆ ಊರಿಗೆ ಅನ್ನವೂ ಬಂತು, ಜಗಳವೂ ಬಂತು. ಯಾರ ಗದ್ದೆಗೆ ಯಾವ ದಿನ ನೀರು ಎಂದು ಹೇಳುವವನು ನೀರುಗಂಟಿ. ಸರದಿಗೆ ಎರಡು ದಿನ ಮುಂಚೆ ಬದುವಿನ ಮೇಲೆ ಲಕ್ಕಿ ಸೊಪ್ಪಿನ ಕಡ್ಡಿ ನೆಡುತ್ತಿದ್ದ. ಆ ದಿನ ಗದ್ದೆಯ ಮನೆಯವರೇ ಗುದ್ದಲಿ ಹಿಡಿದು ನಿಂತಿರಬೇಕು. ಕೂಲಿಯವರು ನಿಲ್ಲುವಂತಿಲ್ಲ, ನೀರುಗಂಟಿಯಂತೂ ಒಬ್ಬರ ಗದ್ದೆಗೆ ನೀರು ಕಟ್ಟಲು ಗುದ್ದಲಿ ಹಿಡಿಯಲೇಬಾರದು. ಮನೆಯವರಿಲ್ಲದಿದ್ದರೆ ಸರದಿ ಪಕ್ಕದ ಗದ್ದೆಗೆ.

ಅಪ್ಪ ತೀರಿಕೊಂಡ ಮೇಲೆ ಮಂಗಳಳ ಮನೆಯಲ್ಲಿ ಗುದ್ದಲಿ ಹಿಡಿಯುವ ಕೈ ಅವಳದೊಂದೇ. ಅವ್ವ ಮಹದೇವಮ್ಮನಿಗೆ ಕಣ್ಣು ಮಂಜಾಗುತ್ತಿತ್ತು. "ಇನ್ನೊಂದು ವರ್ಷ, ಆಮೇಲೆ ಕಷ್ಟ," ಎಂದಿದ್ದರು ಮಂಡ್ಯದ ಡಾಕ್ಟರು.

ಮಹದೇವಮ್ಮ ಅಳಲಿಲ್ಲ. ಒಂದೇ ಮಾತು ಹೇಳಿದಳು.

"ಮೈಸೂರ್ ಅರಮನೆ ದೀಪ ನೋಡ್ಬೇಕು ಕಣಮ್ಮ, ಪೂರ್ತಿ ಕತ್ಲಾಗೋಕೆ ಮುಂಚೆ... ಒಂದೇ ಒಂದ್ ದಿನ."

ಅಂದಿನಿಂದ ಮಂಗಳಳಿಗೆ ಅದೇ ಧ್ಯಾನ. ಪಕ್ಕದ ಮನೆಯ ಪಟ್ಟಲಮ್ಮ ಮೈಸೂರಿನಲ್ಲಿ ಬಾಣಂತನಕ್ಕೆ ಇದ್ದು ಬಂದವಳು. ಅವಳನ್ನು ಕೇಳಿ ಕೇಳಿ ನೋಡಬೇಕಾದ್ದನ್ನೆಲ್ಲ ಬೆರಳ ಗೆಣ್ಣುಗಳ ಮೇಲೆ ಎಣಿಸಿಟ್ಟುಕೊಂಡಳು. ನಾಲ್ಕು ಬೆರಳು, ಹನ್ನೆರಡು ಗೆಣ್ಣು. ಹುಲಿ ಸಿಂಹದ ತೋಟ ಒಂದು, ದೊಡ್ಡ ಮಾರ್ಕೆಟ್ಟು ಎರಡು, ವಸ್ತುಪ್ರದರ್ಶನ ಮೂರು... ಹನ್ನೊಂದನೆಯದು ಅರಮನೆಯ ದೀಪ.

ಒಂದು ಸಂಜೆ ಜಗಲಿಯ ಮೇಲೆ ಹೀಗೆ ಎಣಿಸುತ್ತಿದ್ದಾಗ ಸಿದ್ದರಾಮು ಅದೇ ದಾರಿಯಲ್ಲಿ ಬಂದ. ಮಹದೇವಮ್ಮ ಕರೆದು ಮಜ್ಜಿಗೆ ಕೊಟ್ಟಳು. ಪೂರಿಗಾಲಿಯ ಅವನ ಮನೆತನ ಅವಳಿಗೆ ಗೊತ್ತು. ಹೆಣ್ಣು ಕೊಟ್ಟು ತರುವ ಬಳಗವೇ.

"ನಾನು ಆ ಮಾರ್ಕೆಟ್ಟಲ್ಲಿ ಎರಡು ವರ್ಷ ಮೂಟೆ ಹೊತ್ತಿದ್ದೀನಿ ಕಣವ್ವ," ಎಂದ ಅವನು. "ಜಂಬೂಸವಾರಿ ದಿನ ಓದ್ರೆ ಬರೀ ಜನದ ಬೆನ್ನು ನೋಡ್ಕಂಡ್ ಬತ್ತೀರ. ದಸರೆ ಐದನೇ ದಿನ ಓಗಿ. ಬೆಳಗ್ಗೆ ಒಂಬತ್ತರ ರೈಲು. ಬಿಸ್ಲೊತ್ತಲ್ಲಿ ಮರದ ನೆಳ್ಳಿರೋ ಜಾಗ ನೋಡಿ. ದೀಪ ಹತ್ತೋಕೆ ಒಂದ್ ಗಂಟೆ ಮುಂಚೆ ಬಡಗಣ ಬಾಗ್ಲ ಎದ್ರು ಕುಂತ್ಕಬುಡಿ. ರಾತ್ರಿ ಛತ್ರ, ಬೆಳಿಗ್ಗೆ ಊರು."

ಮಂಗಳ ಮುಖ ಊದಿಸಿಕೊಂಡೇ ಕೇಳಿಸಿಕೊಂಡಳು. ಒಂದಕ್ಷರವನ್ನೂ ಬಿಡಲಿಲ್ಲ!

"ಹನ್ನೆರಡನೇ ಗೆಣ್ಣಲ್ಲಿ ಏನೈತೆ?" ಎಂದ ಅವನು, ಅವಳ ಬೆರಳ ಕಡೆ ನೋಡಿ.

"ಏನೂ ಇಲ್ಲ. ಇನ್ನೂ ಹುಡುಕ್ತಾವ್ನಿ."

"ಅದ್ನ ಖಾಲಿ ಬುಡು. ಊರು ನೋಡೋಕೆ ಓಗೋರು ಒಂದ್ ಗೆಣ್ಣು ಖಾಲಿ ಇಟ್ಕಬೇಕು. ನಾವು ಎಣಿಸ್ದೇ ಇರೋದೂ ಒಂದು ಸಿಗ್ತದೆ."

ಅವನು ಹೋದ ಮೇಲೂ ಅವಳ ಹೆಬ್ಬೆರಳು ಆ ಖಾಲಿ ಗೆಣ್ಣಿನ ಮೇಲೇ ಇತ್ತು. 'ಥೂ, ನಂಗೇನಾಗದೆ!' ಎಂದು ತನ್ನನ್ನೇ ಗದರಿಕೊಂಡಳು.

ದಸರೆ ಬಂತು. ಮೂರನೇ ದಿನ ಬೆಳಗ್ಗೆ ಗದ್ದೆಗೆ ಹೋದ ಮಂಗಳ ಕಲ್ಲಿನಂತೆ ನಿಂತುಬಿಟ್ಟಳು.

ಬದುವಿನ ಮೇಲೆ ಲಕ್ಕಿ ಕಡ್ಡಿ!

ಇನ್ನೂ ಒಂದು ವಾರ ಬರಬಾರದಿದ್ದ ಸರದಿ... ಐದನೇ ದಿನಕ್ಕೇ! ದಿನ ಗೊತ್ತು ಮಾಡಿಕೊಟ್ಟವನು ಅವನು. ಅದೇ ದಿನಕ್ಕೆ ಕಡ್ಡಿ ನೆಟ್ಟವನೂ ಅವನೇ.

ಕಡ್ಡಿಯನ್ನು ಕಿತ್ತುಕೊಂಡು ಅವಳು ತೂಬಿನವರೆಗೂ ಓಡಿದಳು. ಅಲ್ಲಿ ಪಕ್ಕದ ಗದ್ದೆಯ ಚಿಕ್ಕಬೋರಯ್ಯನೂ ಇನ್ನೂ ನಾಲ್ಕು ಜನರೂ ನಿಂತಿದ್ದರು. ಅವಳಿಗೆ ಯಾರ ಹಂಗು? ಕಡ್ಡಿಯನ್ನು ಸಿದ್ದರಾಮುವಿನ ಎದೆಗೇ ಎಸೆದಳು.

"ಏನ್ಲಾ ಇದು? ಅವತ್ತು ಕೆಸರಿಗೆ ಕೆಡವಿದ್ನಲ್ಲ, ಅದಕ್ಕಾ ಸೇಡು?"

ಅವನ ಮುಖ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದು, ಸುತ್ತ ನಿಂತವರನ್ನು ನೋಡಿ ಮುಚ್ಚಿದ.

"ಸರದಿ ಸರದಿನೇ ಮಂಗಳಮ್ಮ."

"ಹೊಡೆ ಕಟ್ಟಿರೋ ಬತ್ತ! ನೀರ್ ತಪ್ಪಿದ್ರೆ ಜೊಳ್ಳಾಯ್ತದೆ. ನೀರ್ ಕಟ್ಟೋಕೆ ನಿಂತ್ರೆ ನಮ್ಮವ್ವನ ಕಣ್ಣಿಗೆ ಇನ್ನೊಂದ್ ದಸರೆ ಇಲ್ಲ! ನಮ್ ಮನೆ ಮಜ್ಜಿಗೆ ಕುಡ್ದು, ದಿನ ಯೋಳ್ಕೊಟ್ಟು... ಎಂತಾ ಹಾವು ನೀನು!"

"ಸರದಿ ಸರದಿನೇ," ಎಂದ ಅವನು ಮತ್ತೆ. ಈ ಸಲ ದನಿ ನಡುಗಿತ್ತು. ಸಿಟ್ಟಿನ ಕಿವಿಗೆ ನಡುಕ ಎಲ್ಲಿ ಕೇಳಿಸುತ್ತದೆ!

ನಾಲ್ಕನೇ ದಿನ ಸಂಜೆ ಅವಳು ಹುಲ್ಲು ಹೊತ್ತು ಮನೆಗೆ ಬಂದಾಗ ಮಹದೇವಮ್ಮ ಮೆಲ್ಲಗೆ ಶುರು ಮಾಡಿದಳು.

"ಮಗಾ, ಸಿದ್ದರಾಮು ಬಂದಿದ್ದ..."

"ಆ ಹೆಸರೆತ್ತಬ್ಯಾಡ!"

"ಅಲ್ಲ ಕಣೆ, ಅವನು ಯೋಳಿದ್ದು..."

"ಅವ್ವಾ! ಇನ್ನೊಂದ್ಸಲ ಆ ಹೆಸರು ಕೇಳಿದ್ರೆ ನಾನು ಉಣ್ಣಲ್ಲ, ಅಷ್ಟೆ!"

ಮಹದೇವಮ್ಮ ಮಗಳನ್ನು ಹೆತ್ತವಳು. ಕುದಿಯುವ ಎಸರಿಗೆ ಮುಚ್ಚಳ ಒತ್ತಿದರೆ ಕೈ ಸುಡುತ್ತದೆ ಎಂದು ಬಲ್ಲವಳು. ಸುಮ್ಮನಾದಳು.

ಐದನೇ ದಿನ ಬೆಳಕು ಹರಿಯುವಷ್ಟರಲ್ಲಿ ಪಟ್ಟಲಮ್ಮನ ಮನೆಯ ಗಾಡಿ ಸಿದ್ಧವಾಗಿತ್ತು. ರೊಟ್ಟಿಯ ಗಂಟು, ನೀರಿನ ಚೊಂಬು, ನಾಲ್ಕು ಜನ ಹೆಂಗಸರು. ಮಂಗಳ ಅವ್ವನನ್ನು ಎತ್ತಿ ಕೂರಿಸಿ, ಪಟ್ಟಲಮ್ಮನ ಕೈಗೆ ಅವಳ ಕೈ ಕೊಟ್ಟಳು.

"ಅಕ್ಕಾ, ಕೈ ಬುಡಬ್ಯಾಡ ಇವಳ್ದು. ಬಡಗಣ ಬಾಗ್ಲು..." ಎನ್ನುತ್ತ ರೊಟ್ಟಿಯ ಗಂಟನ್ನು ಅವ್ವನ ಮಡಿಲಿಗೆ ಇಟ್ಟಳು.

"ನೀ ಓಗಿ ಗದ್ದೆ ನೋಡ್ಕಂಡ್ ಬಾ," ಎಂದಳು ಮಹದೇವಮ್ಮ. "ಗಾಡಿ ನಾಲೆ ಸೇತುವೆ ತಾವ ನಿಂತಿರ್ತದೆ."

"ಯಾಕ್ ನಿಲ್ಬೇಕು? ಮಧ್ಯಾಹ್ನಗಂಟ ನಾ ನೀರು ಕಟ್ಬೇಕು! ಓಗ್ತಾ ಇರಿ!"

"ನಿಂತಿರ್ತದೆ ಅಂದ್ನಲ್ಲ. ಓಗು."

ಮಂಗಳ ಗುದ್ದಲಿ ಹೆಗಲಿಗೇರಿಸಿ ದಾಪುಗಾಲು ಹಾಕಿದಳು. ಒಂದೊಂದು ಹೆಜ್ಜೆಗೂ ಅವನಿಗೊಂದೊಂದು ಬೈಗುಳ. ಬೈಗುಳ ಮುಗಿದು ಮತ್ತೆ ಮೊದಲಿನಿಂದ ಶುರು ಮಾಡುವಷ್ಟರಲ್ಲಿ ಗದ್ದೆ ಬಂತು.

ಗದ್ದೆಯಲ್ಲಿ ಅವನು! ಬೆನ್ನು ತಿರುಗಿಸಿ, ಕೈಯಲ್ಲಿ ಗುದ್ದಲಿ ಹಿಡಿದು...

"ಕಳ್ಳ! ನನ್ ಸರದಿ ಯಾರಿಗ್ ತಿರುಗಿಸ್ತಾ ಇದ್ದೀಯಲಾ?"

ಅವನು ಹೌಹಾರಿ ತಿರುಗಿದ. ಮಂಗಳಳ ಕಣ್ಣು ಆಗ ನೀರಿನ ಕಡೆ ಹೋಯಿತು. ಮಡೆಯಿಂದ ನೀರು ಅವಳ ಗದ್ದೆಗೇ ಇಳಿಯುತ್ತಿತ್ತು. ಮುಕ್ಕಾಲು ಗದ್ದೆ ಆಗಲೇ ತುಂಬಿತ್ತು. ಸೋರುತ್ತಿದ್ದ ಮೂಲೆಯ ಬದುವಿಗೂ ಹೊಸ ಮಣ್ಣು ಮೆತ್ತಿತ್ತು.

"ನೀನ್ಯಾಕ್ ಬಂದೆ?" ಸಿಟ್ಟು ಈಗ ಅವನದು! "ರೈಲ್ಗೆ ಓಗು ಅಂತ ತಾನೆ ನಾನು ಕೋಳಿ ಕೂಗೋ ಮುಂಚೆ ಬಂದಿರೋದು? ಅವ್ವ ಯೋಳ್ಲಿಲ್ವಾ?"

"ಏನ್ ಯೋಳ್ಬೇಕಿತ್ತು?"

"ಮೇಲ್ಗಡೆ ನಾಲೆ ಏರಿ ಬಿರುಕು ಬುಟ್ಟೈತೆ. ನಾಳೆಯಿಂದ ಹತ್ತು ದಿನ ನೀರು ಬಂದ್. ಮೂರು ದಿನದ್ ಹಿಂದೆ ನಂಗೆ ಗೊತ್ತಾಯ್ತು. ಬಾಯಿ ಬುಟ್ಟಿದ್ರೆ ಮೇಲಿನೋರೆಲ್ಲ ರಾತ್ರೋರಾತ್ರಿ ತೂಬು ಒಡೀತಿದ್ರು, ಕೊನೇ ಗದ್ದೆಯೋರು ಒಣಗ್ತಿದ್ರಿ. ಅದಕ್ಕೇ ಕೊನೆಯಿಂದ ಸರದಿ ತಿರುಗಿಸ್ದೆ. ನಿಂದೊಂದೇ ಅಲ್ಲ, ಆರು ಗದ್ದೆ."

"ನಂಗಾದ್ರೂ ಯೋಳ್ಬೋದಿತ್ತು!"

"ಯೋಳೋಕೆ ಬುಟ್ಯಾ ನೀನು? ನಾಲ್ಕು ಜನದ್ ಎದ್ರು ಎದೆಗೆ ಎಸೆದ್ಯಲ್ಲ!"

ಮಂಗಳಳಿಗೆ ನಿನ್ನೆ ಸಂಜೆ ಅವ್ವ ನುಂಗಿದ ಮಾತು ನೆನಪಾಯಿತು. 'ಎಂಥ ಮಾತೆಲ್ಲ ಅಂದೆ... ಹಾವು ಅಂದೆ!' ತಪ್ಪಾಯ್ತು ಎನ್ನಬೇಕು. ಅದೊಂದು ಮಾತನ್ನು ಅವಳು ಹುಟ್ಟಿದಾರಭ್ಯ ಆಡಿ ಅಭ್ಯಾಸವಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಕೆಮ್ಮು ಕೇಳಿಸಿತು. ಚಿಕ್ಕಬೋರಯ್ಯ!

"ಓಹೋ! ನೀರುಗಂಟಿನೇ ಗುದ್ದಲಿ ಇಡಿದವ್ನೆ! ಸೊಗಸಾಗೈತೆ. ಮನೆಯೋರು ಬಂದಿದ್ದು ಈಗ, ಗದ್ದೆ ತುಂಬಿದ್ದು ಯಾವಾಗ? ಲೇ ಸಿದ್ದರಾಮು, ಈ ಮಾತು ಪಂಚಾಯ್ತಿಗೆ ಓದ್ರೆ ನಾಳೆ ನೀ ಪೂರಿಗಾಲಿ ದಾರಿ ಹಿಡಿಬೇಕು."

ಸಿದ್ದರಾಮು ಗುದ್ದಲಿಯನ್ನು ಕೆಳಗಿಟ್ಟ. "ತಪ್ಪು ನಂದೇ. ಅವಳ್ದೇನೂ ಇಲ್ಲ."

"ಗುದ್ದಲಿ ಮನೆಯೋರು ಇಡೀಬೇಕು. ನೀನು ಈ ಮನೆಗೆ ಏನಾಗ್ಬೇಕಲಾ?"

ಮಂಗಳಳಿಗೆ ನೆತ್ತಿಯವರೆಗೂ ಉರಿ ಏರಿತು. ಚಿಕ್ಕಬೋರಯ್ಯನ ಮೇಲೆ, ಬಾಯಿ ಬಿಡದ ಈ ಮೂಗನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಬಗ್ಗಿ ಗುದ್ದಲಿ ಎತ್ತಿ ಮತ್ತೆ ಅವನ ಕೈಗೇ ಕೊಟ್ಟಳು.

"ಮನೆಯೋನೇ ಕಣಣ್ಣ! ಏನೀಗ?"

"ಲಗ್ನ ಯಾವಾಗಾಯ್ತು?" ಎಂದ ಚಿಕ್ಕಬೋರಯ್ಯ ಕಣ್ಣರಳಿಸಿ.

"ಆಯ್ತದೆ! ಊಟಕ್ಕೆ ಕರೀತೀವಿ, ಬಾ! ನಿಂಗೂ ಮಧ್ಯಾಹ್ನಕ್ಕೆ ನೀರು ಬತ್ತದೆ, ಓಗಿ ಗುದ್ದಲಿ ತಗಂಬಾ!"

ಚಿಕ್ಕಬೋರಯ್ಯ ಇಬ್ಬರನ್ನೂ ಒಮ್ಮೆ ನೋಡಿದ. ಮೀಸೆಯಡಿ ನಗು ತಡೆಯಲಾಗಲಿಲ್ಲ.

"ಇವಳ ಬಾಯಿಗೆ ಮಡೆ ಕಟ್ಟೋಕೆ ನೀರುಗಂಟಿನೇ ಬೇಕಿತ್ತು ಬುಡು!" ಎನ್ನುತ್ತ ಬದು ಹಿಡಿದು ಹೊರಟ.

ಸಿದ್ದರಾಮು ಗುದ್ದಲಿ ಹಿಡಿದು ಹಾಗೇ ನಿಂತಿದ್ದ. ಚಿಕ್ಕಬೋರಯ್ಯ ಮರೆಯಾದ ಮೇಲೆ ಕೇಳಿದ. "ಸಿಟ್ಟಲ್ಲಿ ಅಂದ್ಯಾ?"

"ಸಿಟ್ಟಲ್ಲೇ ಅಂದೆ."

ಅವನ ಮುಖ ಬಾಡಿತು.

"ನಾನು ಸಿಟ್ಟಲ್ಲಿ ಸುಳ್ಳು ಯೋಳಲ್ಲ," ಎಂದಳು ಮಂಗಳ. ನೆಲ ನೋಡುತ್ತ, ತೀರ ಸಣ್ಣ ದನಿಯಲ್ಲಿ, ಹುಟ್ಟಿದಾರಭ್ಯ ಆಡದ ಮಾತನ್ನೂ ಆಡಿದಳು. "ತಪ್ಪಾಯ್ತು..."

"ಆ? ನೀರಿನ ಸದ್ದಲ್ಲಿ ಕೇಳಿಸ್ಲಿಲ್ಲ."

"ಕೇಳಿಸ್ದೇ ಇದ್ರೆ ಬುಡು! ಎರಡನೇ ಸಲ ಯೋಳಲ್ಲ!"

ಅವನು ನಕ್ಕ. ಈ ಸಲ ಆ ನಗು ಅವಳಿಗೆ ಸಹಿಸಲಾಗದ್ದಾಗಿರಲಿಲ್ಲ.

"ಓಡು, ಗಾಡಿ ಕಾಯ್ತಾ ಐತೆ. ಅವ್ವನ ಕೈ ನೀ ಇಡ್ಕಂಡ್ರೇ ಅವಳಿಗೆ ದೀಪ ಕಾಣ್ಸೋದು. ಉಳಿದ ಗದ್ದೆ ಮನೆಯೋನು ನೋಡ್ಕತಾನೆ."

ಅವಳು ಸೆರಗು ಬಿಗಿದು ಬದುವಿನ ಮೇಲೆ ಓಡಿದಳು. ಸೇತುವೆಯ ಬಳಿ ಗಾಡಿ ನಿಂತೇ ಇತ್ತು. ಕಾಲಿನ ಸದ್ದು ಕೇಳಿಯೇ ಮಹದೇವಮ್ಮ ಕೈ ಚಾಚಿದಳು.

"ನೆನ್ನೇನೇ ಯೋಳೋದಲ್ವ ಅವ್ವ!"

"ಬಾಯಲ್ಲಿ ಯೋಳಿದ್ರೆ ನೀ ನಂಬ್ತಿದ್ಯಾ? ನಿನ್ ಕಣ್ಣಿಗೇನ್ ಬಂದೈತೆ, ನೀನೇ ನೋಡು ಅಂತ ಕಳಿಸ್ದೆ."

ಗಾಡಿ ಹೊರಡುವಷ್ಟರಲ್ಲಿ ನಾಲೆಯ ಏರಿಯಿಂದ ಕೂಗು ಕೇಳಿಸಿತು. ಗದ್ದೆಯಿಂದ ಏದುಸಿರು ಬಿಡುತ್ತ ಓಡಿ ಬಂದಿದ್ದ ಸಿದ್ದರಾಮು.

"ಮಂಗಳಾ! ಹನ್ನೆರಡನೇ ಗೆಣ್ಣು... ಖಾಲಿ ಐತಾ ಇನ್ನೂ?"

ಗಾಡಿಯಲ್ಲಿದ್ದ ಹೆಂಗಸರೆಲ್ಲ ಕಿವಿ ನಿಮಿರಿಸಿದರು. ಮಂಗಳಳ ಕೆನ್ನೆ ಕೆಂಪಾಯಿತು. ಆದರೂ ಅವಳು ಮಂಗಳಮ್ಮ, ಮೆಲ್ಲಗೆ ಮಾತಾಡಿ ಗೊತ್ತಿದ್ದರೆ ತಾನೆ!

"ಇಲ್ಲ! ತುಂಬ್ತು!"

"ಏನದು?"

"ನಾಳೆ ಬೆಳಗ್ಗೆ ಈ ಸೇತುವೆ ಮೇಲೆ ಯಾರೋ ಕಾಯ್ತಿರ್ತಾರಂತೆ... ಅದ್ನ ನೋಡೋದು!"