ಬಾಗಿಲು ಮರೆತ ಕೋಣೆ

ಬಹಳ ಬಹಳ ಹಿಂದೆ, ಒಂದೇ ಒಂದು ಮನೆಯೂ ಇಲ್ಲದ ಒಂದು ರಾಜ್ಯವಿತ್ತು. ಇದ್ದ ಮನೆಗಳನ್ನೆಲ್ಲ ಗೋಡೆನುಂಗ ಎಂಬ ಮಾಂತ್ರಿಕ ನುಂಗಿ ನೀರು ಕುಡಿದಿದ್ದ. ಪ್ರಜೆಗಳು ಹುಣಸೆಮರದ ಕೆಳಗೆ ಒಲೆ ಹೂಡಿದರೆ, ರಾಜ ಆಲದಮರದ ಕೆಳಗೆ ದರ್ಬಾರು ನಡೆಸುತ್ತಿದ್ದ. ಮಳೆ ಬಂದರೆ ಕಂಬಳಿಯೂ ನೆನೆಯುತ್ತಿತ್ತು, ಕಿರೀಟವೂ ನೆನೆಯುತ್ತಿತ್ತು.

ಮನೆ ಬೇಕೆನ್ನುವವರಿಗೆ ಗೋಡೆನುಂಗ ಒಂದು ದಾರಿ ಇಟ್ಟಿದ್ದ. ಮನೆಯ ಗೆರೆಗಳನ್ನು ಒಂದೇ ರಾತ್ರಿಯಲ್ಲಿ ನೆಲದ ಮೇಲೆ ಎಳೆಯಬೇಕು. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಮನೆಮಂದಿಯೆಲ್ಲ ಆ ಗೆರೆಗಳನ್ನೇ ಗೋಡೆಯೆಂದು ತಿಳಿದು ಒಳಗೆ ಬಾಳಬೇಕು. ಬಾಗಿಲಿಗೆ ಬಿಟ್ಟ ಸಂದಿನಲ್ಲಷ್ಟೇ ಓಡಾಡಬೇಕು. ಮನುಷ್ಯರ ಕೈಯಾಗಲಿ ಕಾಲಾಗಲಿ ಗೆರೆಯನ್ನು ಅಳಿಸಬಾರದು, ದಾಟಬಾರದು. ಸಂಜೆ ಎಲ್ಲರೂ ತಲೆಬಾಗಿಲ ಹೊಸ್ತಿಲಲ್ಲಿ ಸೇರಿದರೆ ಗೆರೆಯ ಮೇಲೆ ಗೋಡೆ ಏಳುತ್ತದೆ. ಒಬ್ಬರು ಕಡಿಮೆಯಾದರೂ ಎಲ್ಲರೂ ಅವನ ಅರಮನೆಯ ಕಲ್ಲುಕಂಬ. ಆಗಲೇ ಅಲ್ಲಿ ತೊಂಬತ್ತು ಕಂಬಗಳಾಗಿದ್ದವು. ಯಾವುದಾದರೂ ಮನೆಮಂದಿ ಒಬ್ಬರೂ ಕಡಿಮೆಯಾಗದೆ ಗೆದ್ದ ದಿನವೇ ಆ ಕಂಬಗಳಿಗೂ ಬಿಡುಗಡೆ. ಮಾಂತ್ರಿಕ ಇಷ್ಟು ಧಾರಾಳಿ ಏಕೆಂದು ಬೇರೆ ಹೇಳಬೇಕೆ?

ಮಾಚಲೆ ಎಂಬ ಹುಡುಗಿಗೆ ಇದೆಲ್ಲ ಗೊತ್ತಿತ್ತು. ಹೋದ ಮಳೆಗಾಲವೆಲ್ಲ ಅವಳ ಅಜ್ಜಿ ಬೊಮ್ಮವ್ವ ಮರದಡಿಯಲ್ಲಿ ಕೆಮ್ಮಿ ಕೆಮ್ಮಿ ಸೊರಗಿದ್ದೂ ಗೊತ್ತಿತ್ತು. ಇನ್ನೊಂದು ಮಳೆಗಾಲವನ್ನು ಆ ಜೀವ ತಡೆಯುವುದಿಲ್ಲ. ಮಾಚಲೆ ಸೆರಗು ಬಿಗಿದು, ಗೂಟ, ದಾರ, ಸುಣ್ಣದ ಪುಡಿ ತಂದಳು.

"ನಡುಮನೆ ದೊಡ್ಡದಿರ್ಲಿ, ನಾಕು ಜನ ಬಂದ್ರೆ ಕೂರೋದು ಬೇಡ್ವಾ?" ಎಂದ ಅಣ್ಣ ಬೀರಣ್ಣ.

"ನಾಕು ಜನಕ್ಕೆ ಬೇಯಿಸೋಳು ನಾನು. ಅಡಿಗೆಮನೆ ಮೂಡಲಿಗಿರ್ಲಿ, ಬೆಳಕು ಬೇಕು," ಎಂದಳು ಅತ್ತಿಗೆ ದೇಕವ್ವ.

"ನಂಗೇನು ಬೇಡ ಕಣವ್ವ," ಎಂದಳು ಅಜ್ಜಿ. "ಒಂದು ಮೂಲೆ ಸಾಕು. ಒಗ್ಗರಣೆ ವಾಸನೆ ಬರ್ಬೇಕು, ಬಂದು ಹೋಗೋರು ಕಾಣ್ಬೇಕು, ಗಾಳಿ ಹೊಡೀಬಾರ್ದು. ಅಷ್ಟೆ."

ಏನೂ ಬೇಡವೆಂದವಳ ಕೋಣೆಗೇ ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಮೂರು ಸಲ ಗೂಟ ಕಿತ್ತು ನೆಟ್ಟು, ಕೊನೆಗೆ ಮನೆಯ ನಟ್ಟನಡುವೆ ಜಾಗ ಗೊತ್ತಾಗುವಷ್ಟರಲ್ಲಿ ಸುಣ್ಣ ಮುಗಿದಿತ್ತು, ಮೂಡಲು ಕೆಂಪಾಗಿತ್ತು.

ಅಜ್ಜಿ ಸೊಂಟದ ಚೀಲ ಬಿಚ್ಚಿ ಅಕ್ಕಿಹಿಟ್ಟು ಕೊಟ್ಟಳು. "ರಂಗೋಲಿಗೆ ಅಂತ ಇಟ್ಕೊಂಡಿದ್ದೆ. ಹೊಸ್ತಿಲೇ ಇಲ್ದೆ ಏಳು ವರ್ಷ ಆಯ್ತಲ್ಲ, ದಿನಾ ಒಂದು ಚಿಟಿಕೆ ಇರುವೆಗಳಿಗೆ ಹಾಕ್ತಿದ್ದೆ."

ಮಾಚಲೆ ಅಜ್ಜಿಯನ್ನು ಕೂರಿಸಿ, ಸುತ್ತ ಸರಸರನೆ ಹಿಟ್ಟಿನ ಗೆರೆ ಎಳೆದಳು. ಸೂರ್ಯ ಹುಟ್ಟಿದ.

ಗೆರೆ ದಾಟಿಸಲು ಗೋಡೆನುಂಗ ಕಳಿಸಿದವುಗಳಲ್ಲಿ ಮೊದಲು ಬಂದದ್ದು ಕಬ್ಬಿಣದ ದಂತದ ಆನೆ. ಧೂಳೆಬ್ಬಿಸಿಕೊಂಡು ನೇರ ನಡುಮನೆಯ ಮೇಲೆ ನುಗ್ಗಿತು. ಬೀರಣ್ಣ ಓಡಲು ಕಾಲೆತ್ತಿದ.

"ಅಣ್ಣಾ, ಗೋಡೆ ಐತೆ! ಅಲ್ಲಾಡ್ಬೇಡ!" ಮಾಚಲೆ ಕೂಗಿದಳು.

ಬೀರಣ್ಣ ಕಣ್ಣು ಮುಚ್ಚಿ ನಿಂತ. ಆನೆಯ ಹಣೆ ಗೆರೆಯ ಮೇಲಿನ ಬರಿಗಾಳಿಗೆ ಢಬ್ಬನೆ ಬಡಿಯಿತು. ಅದು ತಲೆ ಕೊಡವಿ ಬಂದ ದಾರಿ ಹಿಡಿಯಿತು.

ಎರಡನೆಯದು ಒಂದು ಪುಟ್ಟ ಮೈನಾ. ಹಿತ್ತಿಲ ಗೆರೆಯಾಚೆ ಕೂತು, ಸತ್ತುಹೋದ ಅವ್ವನ ದನಿಯಲ್ಲಿ ಕರೆಯಿತು. "ಮಾಚೀ, ಬಾ ಮಗಾ, ಎಷ್ಟು ದಿನ ಆಯ್ತು ನಿನ್ನ ನೋಡಿ."

ಮಾಚಲೆ ಗೆರೆಯತ್ತ ಓಡಿದಳು. ಕಾಲು ತಾನಾಗಿ ಮೇಲೆದ್ದಿತು. ದೇಕವ್ವ ಅವಳ ರಟ್ಟೆ ಹಿಡಿದೆಳೆದಳು. "ಅತ್ತೆಮ್ಮ ಬಂದ್ರೆ ಬಾಗ್ಲಲ್ಲಿ ಬರ್ತಿದ್ರು ಕಣೆ. ಗೋಡೆ ಹಿಂದೆ ನಿಂತು ಕೂಗೋರಲ್ಲ ಅವ್ರು." ಮಾಚಲೆ ಅಳುತ್ತಲೇ ಬೆನ್ನು ತಿರುಗಿಸಿದಳು. ಹಕ್ಕಿ ಹಾರಿಹೋಯಿತು.

ಮಧ್ಯಾಹ್ನ ದೇಕವ್ವ ಅಜ್ಜಿಗೆ ಮುದ್ದೆ ತಂದು, ಹಿಟ್ಟಿನ ಗೆರೆಯ ಸುತ್ತ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. "ಮಾಚಲೆ, ಇದಕ್ಕೆ ಬಾಗಿಲೆಲ್ಲಿ?"

ಬಾಗಿಲಿರಲಿಲ್ಲ. ಅವಸರದಲ್ಲಿ ಮಾಚಲೆ ನಾಲ್ಕೂ ಕಡೆ ಮುಚ್ಚಿಬಿಟ್ಟಿದ್ದಳು.

ಆಗ ಮೂರನೆಯದಾಗಿ ಗೋಡೆನುಂಗನೇ ನಗುತ್ತ ಬಂದ. "ಅಯ್ಯೋ ಪಾಪ. ಹೋಗಲಿ, ಈ ಮುದುಕಿ ನಮ್ಮ ಮನೆಮಂದಿಯಲ್ಲ ಅಂತ ಒಂದು ಮಾತು ಹೇಳು. ಉಳಿದ ಮೂವರಿಗೂ ಮನೆ ಕೊಡುತ್ತೇನೆ."

"ಹೇಳ್ಬಿಡು ಮಗಾ," ಎಂದಳು ಅಜ್ಜಿ. "ನಂಗೇನೂ ಬೇಜಾರಿಲ್ಲ."

"ಅಜ್ಜಿ ಮನೆಮಂದಿ ಅಲ್ದಿದ್ರೆ ಇದು ಯಾರ ಮನೆ?" ಎಂದಳು ಮಾಚಲೆ. "ಇನ್ನೂ ಹೊತ್ತು ಮುಳುಗಿಲ್ಲ, ನೀನು ಅಲ್ಲೇ ನಿಂತಿರು."

ಅವಳು ಗೆರೆಯ ಪಕ್ಕ ಮಂಡಿಯೂರಿ ಕೂತು ನೋಡಿದಳು. ಒಂದು ಇರುವೆ ಹಿಟ್ಟಿನ ಕಣವೊಂದನ್ನು ಹೊತ್ತು ಹೋಗುತ್ತಿತ್ತು. ಮಾಚಲೆ ಎದ್ದು ಅಡಿಗೆಮನೆಯಿಂದ ಬೆಲ್ಲ ತಂದು, ಮೊಳದಗಲ ಜಾಗದಲ್ಲಿ, ಗೆರೆಗೆ ತಾಗದಂತೆ ಪುಡಿಮಾಡಿ ಸಾಲಾಗಿಟ್ಟಳು. ಅಜ್ಜಿ ಒಳಗಿನಿಂದ ದಿನವೂ ಕರೆಯುವ ಹಾಗೆ ಕರೆದಳು. "ಬನ್ರವ್ವಾ, ಬನ್ನಿ."

ಏಳು ವರ್ಷ ಉಂಡ ಇರುವೆಗಳೆಲ್ಲ ಬಂದವು. ಹುಣಸೆಮರದ ಬುಡದಿಂದ ಕಪ್ಪು ಹಗ್ಗ ಎಳೆದಂತೆ ಬಂದವು. ಬೆಲ್ಲ ಮುಗಿಸಿ ಹಿಟ್ಟಿಗೆ ಬಾಯಿ ಹಾಕಿದವು.

"ಮೋಸ!" ಗೋಡೆನುಂಗ ಕಿರುಚಿದ.

"ಮನುಷ್ಯರು ಅಳಿಸ್ಬಾರ್ದು ಅಂದಿದ್ದೆ. ಇರುವೆ ಅಂದಿರ್ಲಿಲ್ಲ," ಎಂದಳು ಮಾಚಲೆ.

ಸೂರ್ಯ ಬೆಟ್ಟದ ಅಂಚು ಮುಟ್ಟಿದ. "ಬಾ ಅಜ್ಜೀ!" ಎಂದು ಎಲ್ಲರೂ ಕೂಗಿದರು. "ಇರ್ರೋ, ಇನ್ನೊಂಚೂರು ಅಗಲ ಆಗ್ಲಿ, ನಾನೇನು ಕಡ್ಡಿನಾ?" ಎಂದಳು ಬೊಮ್ಮವ್ವ. ಕೊನೆಯ ಕಣ ಹೋದ ಮೇಲೆ ಸೀರೆ ಎತ್ತಿ ಹಿಡಿದು, ಇರುವೆ ತುಳಿಯದಂತೆ ಹೆಜ್ಜೆಯಿಟ್ಟು ಹೊರಬಂದಳು. ಮಾಚಲೆಯ ಕೈಹಿಡಿದು ಹೊಸ್ತಿಲು ಸೇರಿದಳು. ಸೂರ್ಯ ಮುಳುಗಿದ.

ಗೆರೆಗಳ ಮೇಲೆ ಗೋಡೆಗಳೆದ್ದವು. ಅತ್ತ ತೊಂಬತ್ತು ಕಂಬಗಳೂ ಮನುಷ್ಯರಾಗಿ ಮೈಮುರಿದು ಎದ್ದು ನಡೆದವು. ಕಂಬಗಳೇ ನಡೆದುಹೋದ ಮೇಲೆ ಅರಮನೆ ಹೇಗೆ ನಿಂತೀತು? ಅವನ್ನು ತಡೆಯಲು ಓಡೋಡಿ ಒಳಗೆ ಹೋಗಿದ್ದ ಗೋಡೆನುಂಗನ ತಲೆಯ ಮೇಲೆಯೇ ಕುಸಿಯಿತು.

ಮರುದಿನ ಅಜ್ಜಿ ಹೊಸ್ತಿಲ ಮುಂದೆ ರಂಗೋಲಿ ಹಾಕಿದಳು. ಇರುವೆಗಳು ಅದನ್ನೂ ತಿಂದವು. ಊರೂರಿನವರು ಮಾಚಲೆಯನ್ನು ಕರೆದೊಯ್ದು ಗೆರೆ ಎಳೆಸಿದರು. ಎಲ್ಲಿ ಹೋದರೂ ಅವಳು ಮೊದಲು ಆ ಮನೆಯ ಅಜ್ಜಿಯ ಕೋಣೆಗೆ ಬಾಗಿಲು ಗುರುತು ಮಾಡಿ, ಆಮೇಲೆ ಗೋಡೆಗೆ ಕೈಹಾಕುತ್ತಿದ್ದಳು.

ಆ ವರ್ಷ ಮಳೆ ಜೋರಾಗಿ ಬಂತು. ರಾಜನ ಕಿರೀಟ ನೆನೆಯಲಿಲ್ಲ, ಯಾರ ಕಂಬಳಿಯೂ ನೆನೆಯಲಿಲ್ಲ. ಬೊಮ್ಮವ್ವ ತನ್ನ ಕೋಣೆಯ ಬಾಗಿಲಲ್ಲಿ ಕೂತು, ಒಗ್ಗರಣೆ ವಾಸನೆ ನೋಡುತ್ತ, ಬಂದು ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಇಡೀ ಮಳೆಗಾಲ ಅವಳು ಒಂದು ಸಲವೂ ಕೆಮ್ಮಲಿಲ್ಲ.