ಮೇಲಿನ ಗುಡಿಸಲಿನ ಸೌದೆ

ಜೂನ್ ಹದಿನಾಲ್ಕು, ಮಂಗಳವಾರ. ನ್ಯೂಜಿಲೆಂಡಿನ ಪಶ್ಚಿಮ ಕರಾವಳಿಯ ಟಾರಾಮಿಯಾ ಪೊಲೀಸ್ ಠಾಣೆಯ ಬಾಗಿಲು ತೆಗೆಯುವ ಮೊದಲೇ ಆನಾಹೆರಾ ಕೋಟಿ ಮೆಟ್ಟಿಲ ಮೇಲೆ ನಿಂತಿದ್ದಳು. ಕಾಡುಹಕ್ಕಿಗಳ ಸಂರಕ್ಷಣೆಯ ಮುಖ್ಯಸ್ಥೆ ಆಕೆ. ಸಾರ್ಜೆಂಟ್ ವಿರೆಮು ಪಾರಾಟೆನೆ ದೂರು ಬರೆದುಕೊಂಡರು. ಮೋರುವಾ ಕಣಿವೆಯಲ್ಲಿ ಉಳಿದಿದ್ದ ಒಂದೇ ಒಂದು ಕೀವಿ, ಹಾರಲಾರದ ಹಕ್ಕಿ, ಕಾಣೆಯಾಗಿದೆ. ಅದರ ಕಾಲಿಗೆ ಕಟ್ಟಿದ್ದ ರೇಡಿಯೋ ಪಟ್ಟಿಯನ್ನು ಯಾರೋ ಚಾಕುವಿನಿಂದ ಕತ್ತರಿಸಿ ಎಸೆದಿದ್ದಾರೆ.

"ಶುಕ್ರವಾರ ಹೆಲಿಕಾಪ್ಟರ್ ಬರತ್ತೆ, ಸಾರ್ಜೆಂಟ್. ಅದನ್ನ ದ್ವೀಪಕ್ಕೆ ಒಯ್ಯಬೇಕು. ಅಲ್ಲಿ ಹೆಣ್ಣು ಹಕ್ಕಿಗಳಿವೆ, ಜೋಡಿ ಆಗೋ ಕಾಲ ಈಗಲೇ ಶುರು. ಇದು ಗಂಡು, ವಯಸ್ಸಾಗಿದೆ. ಈ ಸಲ ತಪ್ಪಿದರೆ ಆ ಕಣಿವೆಯ ಸಂತಾನ ಅಲ್ಲಿಗೇ ಮುಗೀತು."

"ಪಟ್ಟಿ ಸಿಕ್ಕಿದ್ದು ಯಾರಿಗೆ?"

"ಡೂಗಲ್‌ಗೆ."

ಡೂಗಲ್ ರೆನ್‌ವಿಕ್ ಆ ಕಣಿವೆಯ ಸಹಾಯಕ. ಹಕ್ಕಿಯ ಜಾಡು ಹಿಡಿಯುವುದು, ಮೊಟ್ಟೆ ಕದಿಯುವ ಪ್ರಾಣಿಗಳಿಗೆ ಬೋನು ಒಡ್ಡುವುದು ಅವನ ಕೆಲಸ. ಒಂಬತ್ತು ವರ್ಷದಿಂದ ಒಬ್ಬನೇ. ಊರಿಗೆ ಬಂದಾಗಲೂ ಅಂಗಡಿಯಲ್ಲಿ ಸಾಮಾನು ತಗೊಂಡು, ಎರಡು ಮಾತಾಡಿ ಹಿಂತಿರುಗುವವನು. ತಲೆ ತಗ್ಗಿಸಿ, ಕೈ ಹಿಂದೆ ಕಟ್ಟಿದಂತೆ ನಡೆಯುವ ಆ ಹಕ್ಕಿಗೆ 'ಪಾದ್ರಿ' ಎಂದು ಹೆಸರಿಟ್ಟವನೂ ಅವನೇ.

ಮಧ್ಯಾಹ್ನದ ಹೊತ್ತಿಗೆ ಪಾರಾಟೆನೆ ಮತ್ತು ಕಾನ್‌ಸ್ಟೇಬಲ್ ಟೆಸ್ ಹಾರ್ಗನ್ ಅವನ ಗುಡಿಸಲಿನಲ್ಲಿ ಕೂತಿದ್ದರು. ಡೂಗಲ್ ಕೆಂಪು ರಬ್ಬರಿನ ತುಂಡೊಂದನ್ನು ಹಾಕಿ ಒಲೆ ಹಚ್ಚಿ ಚಹಾ ಇಟ್ಟ, ಒಣಹಣ್ಣಿನ ಕೇಕು ಕೊಯ್ದ. ಸ್ವರ ಮಾತ್ರ ಬಳಕೆಯಿಲ್ಲದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು.

"ಹೊರಗಿನವರು ಯಾರಾದರೂ ಬಂದಿದ್ದರಾ?"

"ಈ ಚಳೀಲಿ? ಸೈತಾನ ಕೂಡ ಬರಲ್ಲ."

"ನದಿಯಾಚೆ ಮೇಲೆ ಹಳೇ ಗುಡಿಸಲಿದೆಯಲ್ಲ, ಅಲ್ಲಿಗೆ ಹೋಗಿದ್ದೆಯಾ?"

"ಸೇತುವೆ ಕೊಚ್ಚಿಹೋದ ಮೇಲೆ ಅತ್ತ ಕಾಲಿಟ್ಟಿಲ್ಲ. ಕೇಕು ತಗೋ ವಿರೆಮು, ಇಲ್ಲಿ ಹಂಚಿಕೊಳ್ಳೋರಿಲ್ಲ."

ಮರುದಿನ ಇಬ್ಬರೂ ಸೊಂಟಮಟ್ಟದ ನೀರಲ್ಲಿ ನದಿ ದಾಟಿದರು. ಹಳೆಯ ಗುಡಿಸಲಿನ ಬಾಗಿಲು ತಳ್ಳಿದರೆ ಒಲೆಯಲ್ಲಿ ಹೊಸ ಬೂದಿ. ಮೂಲೆಯಲ್ಲಿ ಜರೀಗಿಡದ ಎಲೆ ಹಾಸಿದ ಮರದ ಪೆಟ್ಟಿಗೆ, ಅದರೊಳಗೆ ಕೂದಲಿನಂಥ ಕಂದು ಗರಿಗಳು. ಪಾರಾಟೆನೆ ಮಹಜರು ಬರೆಯತೊಡಗಿದರು. ಟೆಸ್ ಒಲೆಯ ಪಕ್ಕ ಬಗ್ಗಿ ನೋಡಿ ನಗತೊಡಗಿದಳು.

"ಎಂಥಾ ಕಳ್ಳ ಮಾರಾಯ್ರೇ! ಹಕ್ಕಿ ಕದ್ದು, ಹೋಗೋವಾಗ ಸೌದೆ ಜೋಡಿಸಿಟ್ಟು ಹೋಗಿದ್ದಾನೆ."

ಬೆರಳು ಗಾತ್ರದ ಒಣ ಚಕ್ಕೆಗಳನ್ನು ಅಚ್ಚುಕಟ್ಟಾಗಿ ಪೇರಿಸಿಡಲಾಗಿತ್ತು. ಮೇಲೆ, ಬೇಗ ಬೆಂಕಿ ಹತ್ತಲೆಂದು, ಒಂದು ಕೆಂಪು ರಬ್ಬರಿನ ತುಂಡು. ಈ ಕಾಡಿನ ಗುಡಿಸಲುಗಳಲ್ಲಿ ಅದೇ ರೂಢಿ. ಉರಿಸಿದಷ್ಟನ್ನು ಮುಂದೆ ಬರುವವರಿಗೆ ಸೀಳಿಟ್ಟೇ ಹೋಗಬೇಕು. ಪೇಟೆಯಿಂದ ಬಂದ ಕಳ್ಳಸಾಗಣೆಯವನಿಗೆ ಈ ಮರ್ಯಾದೆ ಎಲ್ಲಿಂದ ಬರಬೇಕು? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇದು ಈ ಕಾಡಿನವನದೇ ಕೈ. ಪಾರಾಟೆನೆಗೆ ನಗು ಬರಲಿಲ್ಲ. ಅವರಿಗೆ ಸಂಕಟವಾಯಿತು.

ನಿನ್ನೆ ಚಹಾ ಕಾಯಿಸಲು ಡೂಗಲ್ ಒಲೆಗೆ ಹಾಕಿದ್ದೂ ಕೆಂಪು ರಬ್ಬರೇ. ವಾಪಸು ಹೋಗಿ ನೋಡಿದರೆ, ಅವನ ಮಂಚದ ಪಕ್ಕದ ಮೊಳೆಯಲ್ಲಿ ಕೆಂಪು ರಬ್ಬರಿನ, ತೂತಾದ ಬಿಸಿನೀರಿನ ಚೀಲ ನೇತಾಡುತ್ತಿತ್ತು. ಅರ್ಧ ಕತ್ತರಿಸಿಹೋಗಿತ್ತು. ಪಾರಾಟೆನೆ ತಾವು ತಂದ ತುಂಡನ್ನು ಅದರ ಅಂಚಿಗೆ ಹಿಡಿದರು. ಸರಿಯಾಗಿ ಕೂತಿತು.

"ಸೌದೆ ಚೆನ್ನಾಗಿ ಸೀಳಿದ್ದೀಯ, ಡೂಗಲ್."

ಡೂಗಲ್ ಮಂಚದ ಮೇಲೆ ಕುಸಿದು ಕೂತ. "ಯಾರಾದರೂ ನೆಂದುಕೊಂಡು ಬಂದರೆ..." ಎಂದ. "ಹಾಗೇ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ."

"ಹಕ್ಕಿ ಎಲ್ಲಿ?"

"ಬಿಟ್ಟುಬಿಟ್ಟೆ. ಪೆಟ್ಟಿಗೇಲಿ ಏನೂ ತಿನ್ನಲಿಲ್ಲ. ಸೊರಗಿಹೋಗ್ತಿತ್ತು."

"ಯಾಕಪ್ಪಾ ಮಾಡಿದೆ?"

"ಇದರ ಹೆಣ್ಣು ಸತ್ತು ಎರಡು ಚಳಿಗಾಲ ಆಯ್ತು. ಆದರೂ ದಿನಾ ಸಂಜೆ ಕರೀತಿತ್ತು. ಉತ್ತರ ಇಲ್ಲ. ಕೇಳೋಕಾಗಲಿಲ್ಲ ಕಣೋ. ಒಂದಿನ ನಾನೇ ಹೆಣ್ಣಿನ ಥರ ಕೂಗಿದೆ. ಆಮೇಲೆ ದಿನಾ ಕೂಗ್ತಾ ಬಂದೆ. ಇಡೀ ದಿನದಲ್ಲಿ ನಾನು ಬಾಯಿ ಬಿಡ್ತಿದ್ದದ್ದೇ ಅಷ್ಟು."

"ಅದು ಹೆಣ್ಣನ್ನ ಕರೀತಿದೆ. ನಿನ್ನನ್ನಲ್ಲ."

"ಗೊತ್ತು. ಗೊತ್ತಿದ್ದೇ ಮಾಡಿದೆ."

"ಪಟ್ಟಿ ಇಲ್ಲದ ಹಕ್ಕಿಯನ್ನ ಈ ಕಾಡಲ್ಲಿ ನಾವು ಹುಡುಕೋಕಾಗಲ್ಲ. ನೀನು ಕರೆದರೆ ಬರತ್ತೆ. ಕರೀತೀಯಾ?"

"ನಾಳೆ ಸಂಜೆ ಕರೀತೀನಿ," ಎಂದು ಡೂಗಲ್ ಎದ್ದ.

ಗುರುವಾರ ಸೂರ್ಯ ಮುಳುಗುವಾಗ ಮೂವರೂ ನದಿಯಾಚೆಯ ಜರೀಗಿಡಗಳ ನಡುವೆ ಕೂತರು. ಡೂಗಲ್ ಎರಡೂ ಕೈ ಬಾಯಿಗೆ ಒತ್ತಿ ಹೆಣ್ಣು ಹಕ್ಕಿಯ ಹಾಗೆ ಒರಟಾಗಿ ಕೂಗಿದ. ಕಾಡು ಸುಮ್ಮನಿತ್ತು. ಮತ್ತೆ ಕೂಗಿದ. ಎಷ್ಟೋ ಹೊತ್ತಿನ ಮೇಲೆ ದೂರದಿಂದ ಸೀಟಿ ಊದಿದಂತೆ ಉತ್ತರ ಬಂತು. ಕೂಗು ಹತ್ತಿರವಾದ ಹಾಗೆಲ್ಲ ಡೂಗಲ್‌ನ ದನಿ ಒಡೆಯುತ್ತ ಹೋಯಿತು, ಆದರೆ ಅವನು ನಿಲ್ಲಿಸಲಿಲ್ಲ. ಪಾದ್ರಿ ತಲೆ ತಗ್ಗಿಸಿಕೊಂಡು ನೇರ ಅವನ ಬೂಟಿನ ಬಳಿಗೇ ಬಂದ. ಡೂಗಲ್ ಅದರ ಎರಡು ಕಾಲನ್ನೂ ಸೇರಿಸಿ ಹಿಡಿದು ಎತ್ತಿಕೊಂಡ, ಒಂದು ಗಳಿಗೆ ಎದೆಗವಚಿಕೊಂಡು ಟೆಸ್ ಹಿಡಿದಿದ್ದ ಪೆಟ್ಟಿಗೆಗೆ ತಾನೇ ಇಳಿಸಿದ. ಟೆಸ್ ಮುಖ ಆಚೆ ತಿರುಗಿಸಿಕೊಂಡಳು.

ಶುಕ್ರವಾರ ಬೆಳಿಗ್ಗೆ ಹಕ್ಕಿ ದ್ವೀಪಕ್ಕೆ ಹೋಯಿತು. ಹೆಲಿಕಾಪ್ಟರ್ ಕಣ್ಮರೆಯಾದ ಮೇಲೆ ಪಾರಾಟೆನೆ ಡೂಗಲ್‌ನನ್ನು ಬಂಧಿಸಿದರು. ಹೊರಡುವ ಮುನ್ನ ಅವನು ಕೇಳಿದ್ದು ಒಂದೇ, ಒಲೆಗೆ ಸೌದೆ ಸೀಳಿಡಲು ಸ್ವಲ್ಪ ಸಮಯ. ಕೊಟ್ಟರು.

ಭಾನುವಾರ ದ್ವೀಪದಿಂದ ಠಾಣೆಗೆ ಫೋನ್ ಬಂತು. ಪಾರಾಟೆನೆ ಲಾಕಪ್ಪಿನ ಬಾಗಿಲಿಗೆ ಹೋಗಿ ನಿಂತರು.

"ನಿನ್ನೆ ಸಂಜೆ ಪಾದ್ರಿ ಕೂಗಿದನಂತೆ."

"ಉತ್ತರ ಬಂತಾ?"

"ತಕ್ಷಣ."

ಡೂಗಲ್ ತಲೆಯಾಡಿಸಿದ. ಮುಖ ಒರೆಸಿಕೊಂಡ.

"ನಿನ್ನ ಹೇಳಿಕೆಗೆ ಇನ್ನೇನಾದರೂ ಸೇರಿಸಬೇಕಾ?" ಪಾರಾಟೆನೆ ಕೇಳಿದರು.

"ಸೇರಿಸು. ಅದು ಕರೆದಾಗ ನಾನು ಒಂದು ಸಲಾನೂ ಸುಮ್ಮನಿರಲಿಲ್ಲ ಅಂತ."

ಕೇಸಿಗೆ ಅದರಿಂದ ಯಾವ ಉಪಯೋಗವೂ ಇರಲಿಲ್ಲ. ಪಾರಾಟೆನೆ ಅವನು ಹೇಳಿದ ಹಾಗೆಯೇ ಬರೆದುಕೊಂಡರು.