ಬಿಟ್ಟುಹೋದ ಹನ್ನೆರಡನೇ ಉಲ್ಲೇಖ

ವಾಟ್ಸಾಪ್ ಗ್ರೂಪಿನಲ್ಲಿ "ತಾತನಿಗೆ ಮರೆವು, ಅರ್ಧ ಕಥೆ ಕಟ್ಟಿದ್ದು" ಅಂತ ಹಾಕಿದ್ದು ಯಾರ್ರೋ ಅದು? ಮೆದುಳು ಸಂಶೋಧನಾ ಸಂಸ್ಥೆಯ ಲೈಬ್ರರಿಯನ್ನು ಮೂವತ್ತೆರಡು ವರ್ಷ ನೋಡಿಕೊಂಡವನು ನಾನು. ಯಾವ ಪುಸ್ತಕ ಯಾರ ಮನೆಯಲ್ಲಿ ಕೊಳೆಯುತ್ತಿದೆ ಅಂತ ರಿಜಿಸ್ಟರ್ ತೆಗೆಯದೇ ಹೇಳುತ್ತಿದ್ದೆ. ನಿನ್ನೆ ಕನ್ನಡಕವನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದು ಬೇರೆ ವಿಷಯ. ನಿಮ್ಮ ಅಪ್ಪ ಅಮ್ಮ ತಮ್ಮ ಪ್ರೀತಿಯ ಬಗ್ಗೆ ಹೇಳಿದ್ದು ಪಾಲಿಶ್ ಮಾಡಿದ ಕಥೆ. ನಾನು ಹೇಳುವುದು ನಡೆದದ್ದು. ಬಾಯಿ ಮುಚ್ಚಿಕೊಂಡು ಕೇಳಿ.

ನಿಮ್ಮ ಅಮ್ಮನಿಗೆ ಆಗ ನಾವೆಲ್ಲ ಇಲಿರಾಣಿ ಅಂತಿದ್ದೆವು. ಇಲಿಗೆ ಒಂದು ವಾಸನೆ ಕಲಿಸಬೇಕು, ಅದು ಮರೆತ ಮೇಲೆ ಚೆನ್ನಾಗಿ ಮಲಗಿಸಬೇಕು, ಎದ್ದಾಗ ನೆನಪು ವಾಪಸ್ ಬಂದಿರುತ್ತದೆ. ಇದನ್ನು ತೋರಿಸಿಕೊಟ್ಟವಳು ಅವಳು. ಬರೆದಿದ್ದು ಒಂಬತ್ತೇ ಪೇಪರ್. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ವರ್ಷದ ಕೊನೆಗೆ ಸಮಿತಿ ಕೂರುವುದಿತ್ತು. ಎಷ್ಟು ಪೇಪರ್ ಬರೆದಿದ್ದಾಳೆ, ಬೇರೆಯವರು ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಪಟ್ಟಿ ಮಾಡುವವನು ನಾನು. ಪಟ್ಟಿ ಸಾಲದಿದ್ದರೆ ಅವಳು ಗಂಟುಮೂಟೆ ಕಟ್ಟಬೇಕು.

ನಿಮ್ಮ ಅಪ್ಪ ದೂರದ ಊರಿನಿಂದ ಹೊಸದಾಗಿ ಎದುರಿನ ಕಟ್ಟಡದ ಲ್ಯಾಬಿಗೆ ಬಂದು ಸೇರಿದ್ದ. ಬಾಗಿಲಿಗೆ ತಲೆ ತಗ್ಗಿಸಬೇಕಾದಷ್ಟು ಎತ್ತರ. ಉದ್ದಣ್ಣ ಅಂತ ಕರೆದೆವು. ಅವಳ ಮುಖ ನೋಡುವ ಮೊದಲೇ ಹನ್ನೊಂದು ಪೇಪರ್ ಬರೆದಿದ್ದ. ಹನ್ನೊಂದರಲ್ಲೂ ಅವಳ ಉಲ್ಲೇಖ!

ಸಂಜೆ ನಾಲ್ಕಕ್ಕೆ ನನ್ನ ಲೈಬ್ರರಿಯ ಕಿಟಕಿ ಪಕ್ಕದ ಟೇಬಲ್. ಅವಳು ಓದುವಾಗ ಇವನು ಅವಳನ್ನು ಓದುತ್ತಿದ್ದ. ಅವಳು ತಲೆ ಎತ್ತಿದರೆ ಕೈಗೆ ಸಿಕ್ಕ ಕಾಗದಕ್ಕೆ ಮೂಗು ತೂರಿಸುತ್ತಿದ್ದ. ಒಂದು ದಿನ ಸಿಕ್ಕಿದ್ದು ಸಂಸ್ಥೆಯ ರಜಾ ಪಟ್ಟಿ.

"ಏನ್ರೀ, ಇಪ್ಪತ್ತು ನಿಮಿಷದಿಂದ ಅದನ್ನೇ ನೋಡ್ತಿದೀರಲ್ಲ?" ಅಂದಳು.

"ಭಾನುವಾರ ಯಾವಾಗ ಬರುತ್ತೆ ಅಂತ..."

"ಶನಿವಾರ ಆದ್ಮೇಲೆ ಬರುತ್ತೆ. ಬಂದಾಗ ನದಿ ಕಡೆ ಬನ್ನಿ, ತೋರಿಸ್ತೀನಿ."

ಅವನ ಕಿವಿ ತುದಿ ಕೆಂಪಗಾಯಿತು. ಸೋಮವಾರ ನನ್ನ ಕಾರ್ಪೆಟ್ಟಿನ ಮೇಲೆ ಎರಡು ಜೊತೆ ಚಪ್ಪಲಿಯ ಮರಳು. ನಾನು ಬೈಯಲಿಲ್ಲ, ಗುಡಿಸಲೂ ಇಲ್ಲ.

ಹೀಗೇ ಕೆಲವು ತಿಂಗಳು ಕಳೆದ ಮೇಲೆ ಅವನ ಹನ್ನೆರಡನೇ ಪೇಪರ್ ಅಚ್ಚಾಗಿ ಬಂತು. ಒಂದು ಬೆಳಿಗ್ಗೆ ಅವಳು ಅದನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದಳು.

"ನೋಡಿ ಅಂಕಲ್. ವಿಧಾನ ನಂದು, ವಾಸನೆ ನಂದು, ಇಲಿ ನಿದ್ದೆ ಮಾಡೋ ಹೊತ್ತೂ ನಂದೇ. ನನ್ನ ಹೆಸರು ಮಾತ್ರ ಇಲ್ಲ."

"ಮರೆತಿರಬೇಕಮ್ಮ."

"ಹನ್ನೊಂದು ಸಲ ಮರೀದೇ ಇರೋನು?" ಅವಳ ದನಿ ಇಳಿಯಿತು. "ಅವರ ಲ್ಯಾಬಲ್ಲಿ ಮಾಡಿ ನೋಡಿದಾಗ ನನ್ನ ಫಲಿತಾಂಶ ಬಂದಿರಲ್ಲ. ಮುಖಕ್ಕೆ ಹೇಳೋಕಾಗ್ದೆ ಸುಮ್ಮನೆ ಬಿಟ್ಟಿದಾರೆ. ಕೆಲಸ ಹೋದ್ರೆ ಹೋಗ್ಲಿ ಅಂಕಲ್, ಆರು ವರ್ಷ ಸುಳ್ಳನ್ನ ನಂಬಿಕೊಂಡಿದ್ನಾ ನಾನು?"

ಈ ಸಂಶೋಧಕರ ಲೋಕ ಹಾಗೆಯೇ. ಬೈದರೆ ತಿರುಗಿ ಬೈಯಬಹುದು. ನಿಮ್ಮ ಕೆಲಸದ ಮೇಲೆ ಮನೆ ಕಟ್ಟಿದವನು ಸದ್ದಿಲ್ಲದೆ ಖಾಲಿ ಮಾಡಿದರೆ ಅಡಿಪಾಯವೇ ಕುಸಿದಿದೆ ಅಂತ ಅರ್ಥ.

ನಾಲ್ಕು ದಿನ ಅವಳು ಕಿಟಕಿ ಪಕ್ಕ ಬರಲಿಲ್ಲ. ಇವನು ಖಾಲಿ ಕುರ್ಚಿ ನೋಡುತ್ತಾ ರಜಾ ಪಟ್ಟಿ ಹಿಡಿದು ಕೂತಿದ್ದ. ಐದನೇ ದಿನ ನನ್ನ ತಲೆ ಕೆಟ್ಟಿತು. "ಏಳಯ್ಯ ಮೇಲೆ!" ಅಂತ ಅವಳ ಲ್ಯಾಬಿಗೆ ಎಳೆದುಕೊಂಡು ಹೋದೆ.

ಕೋಣೆಯೆಲ್ಲ ನಿಂಬೆ ವಾಸನೆ. ಅವಳು ಪಂಜರದಿಂದ ಕಣ್ಣೆತ್ತಲಿಲ್ಲ.

"ಒಂದೇ ಪ್ರಶ್ನೆ. ನನ್ನ ಫಲಿತಾಂಶ ತಪ್ಪಾ?"

"ತಪ್ಪಾ? ಮೂರು ಸಲ ಮಾಡ್ದೆ. ಮೂರು ಸಲಾನೂ ಬಂತು. ನಿಮ್ಮದಕ್ಕಿಂತ ಚೆನ್ನಾಗೇ ಬಂತು."

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ನಾಲ್ಕು ದಿನ ಹಿಡಿದಿಟ್ಟ ಉಸಿರನ್ನು ಒಟ್ಟಿಗೇ ಬಿಟ್ಟಳು ನೋಡಿ, ಪಂಜರದ ಇಲಿ ತಿರುಗಿ ನೋಡಿತು. ನಗುತ್ತಾಳೋ ಅಳುತ್ತಾಳೋ ಗೊತ್ತಾಗಲಿಲ್ಲ. ಎರಡೂ ಇತ್ತು.

"ಮತ್ಯಾಕ್ರೀ ಹೆಸರು ತೆಗೆದ್ರಿ?"

"ನಿಮ್ಮ ಎಪ್ಪತ್ನಾಲ್ಕು ಉಲ್ಲೇಖದಲ್ಲಿ ಹನ್ನೊಂದು ನಂದು. ಅವನ್ನ ಬರೆದಾಗ ನಾನು ಹೊರಗಿನವನು. ಈಗಲ್ಲ. ಹನ್ನೆರಡನೇದೂ ಸೇರಿದ್ರೆ ಸಮಿತಿಯವರು 'ಇದು ಪ್ರೀತಿಸೋನು ಬರ್ಕೊಟ್ಟಿದ್ದು' ಅಂತಾರೆ. ಹಳೇ ಹನ್ನೊಂದಕ್ಕೂ ಮಸಿ."

"ಯಾರು ಪ್ರೀತಿಸೋನು?"

ಅವನು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ನಾನಿದ್ದೆ. ಜರುಗಲಿಲ್ಲ.

"ನಾನೇ," ಅಂದ.

ಅವಳು ರಬ್ಬರ್ ಕೈಗವಸು ಕಳಚಿ ಅವನ ಎದೆಗೆ ಎಸೆದಳು. "ಅದನ್ನ ನನಗೆ ಹೇಳೋದು ಬಿಟ್ಟು ಪೇಪರಿಂದ ನನ್ನ ಕಿತ್ತು ಹಾಕಿದ್ರಾ? ಪ್ರೀತಿ ಮಾಡಿ, ಬೇಡ ಅಂದೋರ್ಯಾರು? ಆದ್ರೆ ನನ್ನ ಉಲ್ಲೇಖ ನನಗೆ ಬೇಕು!"

ಪಟ್ಟಿಯಲ್ಲಿ ಅವನ ಹನ್ನೊಂದನ್ನು ನಾನು ಬೇರೆ ಹಾಳೆಗೆ ಹಾಕಿದೆ. ಕಾರಣವನ್ನೂ ಬರೆದೆ, ಮುಚ್ಚುಮರೆ ಇಲ್ಲದೆ. ಸಮಿತಿಯ ಹಿರಿಯಾಕೆ ಓದಿ ಕನ್ನಡಕ ತೆಗೆದರು. "ಇವನ್ನ ಬಿಟ್ರೂ ಅರವತ್ಮೂರು ಇದೆ. ಅಷ್ಟೂ ಜನಕ್ಕೆ ಈ ಹುಡುಗಿ ಮೇಲೆ ಪ್ರೀತಿ ಹುಟ್ಟಿರೋಕೆ ಸಾಧ್ಯ ಇಲ್ಲ. ಖಾಯಂ ಮಾಡಿ."

ಆ ಪೇಪರ್ ಬಂದಿದ್ದ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಬಂತು. ನನಗೆ ಬಾಯಿಪಾಠ. "ಯಾರ ಕೆಲಸವಿಲ್ಲದೆ ನಮ್ಮ ಲೇಖನವೇ ಇರುತ್ತಿರಲಿಲ್ಲವೋ, ಅವರ ಉಲ್ಲೇಖ ಬಿಟ್ಟುಹೋಗಿದೆ. ತಪ್ಪು ಸಂಪೂರ್ಣವಾಗಿ ಮೊದಲ ಲೇಖಕನದು." ನಿಮ್ಮ ಅಪ್ಪ ಬರೆದ ಪ್ರೇಮಪತ್ರ ಅದೊಂದೇ. ನಿಮ್ಮ ಅಮ್ಮ ಕಿಟಕಿ ಪಕ್ಕ ಕೂತು ಓದಿದಳು, ಮತ್ತೆ ಓದಿದಳು. ಆಮೇಲೆ ಪುಟ ಹರಿದ ಸದ್ದಾಯಿತು. ಪುಸ್ತಕಕ್ಕೆ ಗೀಟು ಹಾಕಿದವರನ್ನೂ ಬಿಡದ ನಾನು, ಅವತ್ತು ಕಿವುಡನಾದೆ.

ನನಗೆ ಮರೆವು ಅಂದವನು ಹೋಗಿ ಅಮ್ಮನ ಬೀರುವಿನ ಕೆಳಗಿನ ಖಾನೆ ನೋಡು. ಆ ಹರಿದ ಪುಟ ಸಿಕ್ಕಿತಾ? ಹಾಗಾದರೆ ಈ ಕಥೆಯನ್ನು ನಾಲ್ಕು ಜನಕ್ಕೆ ದಾಟಿಸಿ. ಯಾರು ಹೇಳಿದ್ದು ಅಂತಲೂ ಹೇಳಿ, ಬಿಡಬೇಡಿ; ಬಿಟ್ಟರೆ ಏನಾಗುತ್ತದೆ ಅಂತ ಈಗ ಕೇಳಿದಿರಲ್ಲ.